ಬರೀ ನೀರು

ಕೂಡಿದ್ದನ್ನು ಬೇರ್ಪಡಿಸುವುದರಲ್ಲೇ ಮನುಷ್ಯನ ಜ್ಞಾನವೆಲ್ಲ ಅಡಗಿದೆ. ನಾನೂ ಮೂರು ವರ್ಷ ಕೂತು ಮರಳಿನಿಂದ ಡಾಂಬರನ್ನು ಬೇರ್ಪಡಿಸಿದವನೇ. ಒಟ್ಟು ಸಿಕ್ಕಿದ್ದು ಒಂದು ಉಪ್ಪಿನಕಾಯಿ ಜಾಡಿಯಷ್ಟು. ಇವತ್ತು ಕೃಷ್ಣಮೂರ್ತಿಪುರದ ನಮ್ಮ ಮನೆ ಮುಂದೆ ರಸ್ತೆ ಕೆಲಸದವರು ಅವೆರಡನ್ನೂ ಅರ್ಧ ಗಂಟೆಯಲ್ಲಿ ಮತ್ತೆ ಕಲಸಿಬಿಟ್ಟರು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂತೋಣಪ್ಪನವರ ನೆನಪಾಯಿತು.

ಅಂತೋಣಪ್ಪನವರು ನಾನು ಡಾಕ್ಟರೇಟಿಗೆ ಒದ್ದಾಡುತ್ತಿದ್ದ ಲ್ಯಾಬಿನ ಅಟೆಂಡರ್. ಪರದೇಶದಲ್ಲಿ ಡಾಂಬರು ಮೆತ್ತಿಕೊಂಡೇ ಹುಟ್ಟಿದ ಮರಳುಂಟು, ನೀವು ಕೇಳಿರಬಹುದು. ಬಿಸಿನೀರಿಗೆ ಚೂರು ರಾಸಾಯನಿಕ ಬೆರೆಸಿ ಅದನ್ನು ಕಲಕಿದರೆ ಡಾಂಬರು ಮರಳನ್ನು ಬಿಟ್ಟು ಮೇಲೆ ತೇಲುತ್ತದೆ. ಯಾವ ರಾಸಾಯನಿಕ, ಎಷ್ಟು ಎಂಬುದೇ ನನ್ನ ಥೀಸಿಸ್. ರಾಸಾಯನಿಕದ ನೀರು ಸೀಸೆಯಲ್ಲಿ ಸಿದ್ಧವಿರುತ್ತಿತ್ತು. ಹೋಲಿಕೆಗೆಂದು ಬರೀ ನೀರನ್ನು ಕೆಟಲಿನಲ್ಲಿ ಕಾಯಿಸಿ ಬೇರೆ ಬೀಕರಿಗೆ ಸುರಿಯುತ್ತಿದ್ದೆ. ಥೀಸಿಸ್ ಒಪ್ಪಿಸುವ ವಾರ ಗೈಡ್ ಮೇಡಂ ಎದುರಿಗೆ ಮಾಡಿ ತೋರಿಸಿದರೆ, ಎರಡು ಬೀಕರಿನಲ್ಲೂ ಡಾಂಬರು ಸಮಸಮ ತೇಲಿತು.

"ಬರೀ ನೀರೇ ಸಾಕಾದ್ರೆ ನೀವ್ಯಾಕ್ರೀ ಬೇಕು?" ಎಂದು ಕೇಳಿ ಮೇಡಂ ಹೊರಟುಹೋದರು. ಮೂರು ವರ್ಷವನ್ನು ಚೆಲ್ಲುವವನಂತೆ ಕೆಟಲನ್ನು ಸಿಂಕಿಗೆ ಬಗ್ಗಿಸಿದೆ. ತಳದಿಂದ ಎರಡು ಅಂಟುವಾಳಕಾಯಿ ಉರುಳಿದವು.

"ಅಂತೋಣಪ್ಪನೋರೇ, ಇದೇನ್ರೀ?"

"ಅಯ್ಯೋ, ಉಳ್ಕಂಡ್ಬುಟ್ಟಿದ್ವಾ? ನಮ್ಮನೆಯೋಳ ರೇಷ್ಮೆ ಸೀರೆ ಒಗೀಬೇಕಿತ್ತು ಸಾರ್. ಸೋಪಾಕಿದ್ರೆ ಜರಿ ಆಳಾಯ್ತದಂತೆ. ಮನೇಲಿ ಗ್ಯಾಸ್ ಖಾಲಿ, ಇಲ್ಲೇ ಕುದಿಸ್ಕಂಡೋದೆ. ನೊರೆ ಬಂದಿರ್ಬೇಕಲ್ಲ, ಕಾಣ್ಲಿಲ್ವಾ ನಿಮ್ಗೆ?"

ಕಂಡಿತ್ತು. 'ನೀರು ಚೆನ್ನಾಗಿ ಕುದಿಯುತ್ತಿದೆ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ರೇಷ್ಮೆಯ ಜಿಡ್ಡು ಬಿಡಿಸುವ ಕಾಯಿಗೆ ಮರಳಿನ ಜಿಡ್ಡು ಯಾವ ಮಹಾ! ಅಂತೋಣಪ್ಪನವರನ್ನು ತಬ್ಬಿಕೊಂಡೆ. "ಬೈತೀರಾ ಅಂದ್ಕಂಡಿದ್ದೆ," ಎಂದು ಅವರು ಮೆಲ್ಲಗೆ ಬಿಡಿಸಿಕೊಂಡರು. ಮರುದಿನ ಕೆಟಲನ್ನು ನಾನೇ ಉಜ್ಜಿ ತೊಳೆದು ಪ್ರಯೋಗ ಮತ್ತೆ ಮಾಡಿದೆ. ಬರೀ ನೀರಿನಲ್ಲಿ ಡಾಂಬರು ಮರಳನ್ನು ಅವುಚಿಕೊಂಡೇ ಕೂತಿತು. ಒಂದು ಪ್ರಯೋಗ ಕೆಟ್ಟದ್ದಕ್ಕೆ ಅಷ್ಟು ಹಿಗ್ಗಿದ್ದು ಅದೇ ಮೊದಲು. ಮೇಡಂ ಸಹಿ ಹಾಕಿದರು.

ಬೆಳಿಗ್ಗೆ ರಸ್ತೆಯವರ ಮೇಲೆ ನನಗೆ ಸ್ವಲ್ಪ ಅಸಮಾಧಾನವಿತ್ತು. ಇದನ್ನೆಲ್ಲ ನೆನೆಯುವಷ್ಟರಲ್ಲಿ ಅದು ಇಳಿದಿತ್ತು. ಮೇಸ್ತ್ರಿ ಆಕಾಶ ನೋಡುತ್ತ ಗೇಟಿನ ಹತ್ತಿರ ನಿಂತಿದ್ದ.

"ಮಳೆ ಬಂದ್ಬುಟ್ರೆ ಎದ್ದೋಯ್ತದೆ ಸಾರ್."

"ಬರೀ ನೀರಿಗೆ ಏಳಲ್ಲ ಕಣ್ರೀ," ಎಂದೆ, ಡಾಕ್ಟರೇಟಿನ ಗಾಂಭೀರ್ಯದಲ್ಲಿ.

ಐದು ಗಂಟೆಗೆ ಮಳೆ ಬಂತು. ಡಾಂಬರು ಏಳಲಿಲ್ಲ.