ಎತ್ತಿ ಕುಡಿಯುವ ಮನೆಯ ಯೋಗೇಶ

ಪುಟ್ಟಲಕ್ಷ್ಮಿಯ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸಿ ನೀರು ಕುಡಿದವರಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ, ಲೋಟ ಮೇಲೆತ್ತಿ ಸುರಿದುಕೊಳ್ಳಬೇಕು. ಎಂಜಲು ಅಂದರೆ ಅವಳಿಗಾಗದು. ತಮ್ಮ ಯೋಗೇಶನಿಗೂ ಅದನ್ನೇ ಕಲಿಸಿದ್ದಳು.

ಯೋಗೇಶನಿಗೆ ಈಗ ಐವತ್ತು. ಭದ್ರಾವತಿಯಲ್ಲಿ ಫಿಟ್ಟರ್ ಆಗಿದ್ದಾಗ, ಪ್ರಾಯದಲ್ಲೇ, ಯಾರಿಗೂ ಕೇಳಿಸದ ಮಾತು ಅವನಿಗೆ ಕೇಳಿಸತೊಡಗಿತು. ಸ್ಕಿಜೋಫ್ರೇನಿಯಾ ಅಂದರು ಡಾಕ್ಟರು. ಅಂದಿನಿಂದ ಮಾತ್ರೆ, ಅಂದಿನಿಂದ ರವೀಂದ್ರನಗರದ ಅಕ್ಕನ ಮನೆ. ಅವನು ಕಟ್ಟಿದ ಸೇವಂತಿಗೆ ಮಾಲೆಗೆ ಸವಳಂಗ ರಸ್ತೆಯ ಹೂವಿನಂಗಡಿಯಲ್ಲಿ ಗಿರಾಕಿಗಳು ಕಾಯುತ್ತಾರೆ. ಹೂವಿಗೆ ಅಷ್ಟು ನಿಧಾನ. ಊಟಕ್ಕೆ ಕೂತರೆ ಮಾತ್ರ ಬಸ್ಸು ಹೊರಟುಬಿಟ್ಟಿತೇನೋ ಅನ್ನುವ ಅವಸರ.

ಹೋದ ವರ್ಷ ತಂಗಿ ಸೀತಾಳ ಗೃಹಪ್ರವೇಶದಲ್ಲಿ, ಪಂಕ್ತಿಯ ನಡುವೆ, ಅವನ ಗಂಟಲಿಗೆ ತುತ್ತು ಸಿಕ್ಕಿಕೊಂಡಿತು. ಪುಟ್ಟಲಕ್ಷ್ಮಿ ಗಾಬರಿಯಲ್ಲಿ ಅವನ ತಲೆ ಹಿಂದಕ್ಕೆ ಹಿಡಿದು ನೀರು ಸುರಿದಳು. ಹತ್ತು ದಿನ ಆಸ್ಪತ್ರೆ. ಅನ್ನ ನೀರು ಶ್ವಾಸಕೋಶಕ್ಕೆ ಇಳಿದಿತ್ತು.

ಈ ವರ್ಷ ಸೀತಾಳ ಮಗಳು ಕವನಾಳ ಮದುವೆ. ಸೀತಾ ಫೋನಿನಲ್ಲಿ, "ಅಕ್ಕ, ಯೋಗಣ್ಣನಿಗೆ ರೂಮಲ್ಲೇ ಬಡಿಸಿಬಿಡೋಣ, ಬೀಗರ ಎದುರಿಗೆ ಯಾಕೆ" ಅಂದಳು. ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಯೋಗೇಶ ಹೂವಿನ ದಾರ ಕೆಳಗಿಟ್ಟ. "ನಾನು ಪಂಕ್ತೀಲೇ ಕೂತ್ಕೋತೀನಿ ಅಕ್ಕ."

ಅದಕ್ಕೇ ನುಂಗುವುದನ್ನು ಕಲಿಸುವ ಸ್ಫೂರ್ತಿ ಮೇಡಂ ಹತ್ತಿರ ಹೋದದ್ದು. "ಈ ಕಾಯಿಲೆಯವರಲ್ಲಿ ಸುಮಾರು ಜನಕ್ಕೆ ಹಿಂಗಾಗುತ್ತಮ್ಮ. ಮಾತ್ರೆಯಿಂದ ಬಾಯಿ ಒಣಗುತ್ತೆ, ಗಂಟಲು ಮಂದ ಆಗುತ್ತೆ. ಹಾಗಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ ಹತ್ರ ನಾನು ಮಾತಾಡ್ತೀನಿ" ಅಂದು ನೀರು ಕೊಟ್ಟರು. ಯೋಗೇಶ ಕತ್ತು ಚೆಲ್ಲಿದ್ದೇ ಅವನ ಕೈ ಹಿಡಿದರು.

"ಕತ್ತು ಹಿಂದಕ್ಕೆ ಹೋದ್ರೆ ನೀರು ಸೀದಾ ಶ್ವಾಸನಾಳಕ್ಕೆ ಇಳಿಯುತ್ತೆ. ಇದನ್ನ ಯಾರು ಕಲಿಸಿದ್ದು?"

"ನಾನೇ ಕಣಮ್ಮ" ಅಂದಳು ಪುಟ್ಟಲಕ್ಷ್ಮಿ, ನೆಲ ನೋಡುತ್ತ.

ಎರಡು ತಿಂಗಳು ಪಾಠ. ನೆಟ್ಟಗೆ ಕೂರಬೇಕು. ಸಣ್ಣ ತುತ್ತು, ಚೆನ್ನಾಗಿ ಅಗಿದು ನುಂಗಿ, ಕೈ ತೊಡೆಯ ಮೇಲಿಟ್ಟು, ಆಮೇಲೆ ಇನ್ನೊಂದು. ನೀರು ಗದ್ದ ಬಗ್ಗಿಸಿ, ಗುಟುಕು ಗುಟುಕಾಗಿ. ಅವನಿಗೊಂದು ಸ್ಟೀಲ್ ಕಪ್ಪು ಬೇರೆಯೇ ಬಂತು. "ಎಂಜಲು ಅಕ್ಕ" ಅಂತ ಅವನು ಕಿಚಾಯಿಸಿದರೆ, "ಮುಚ್ಕೊಂಡು ಕುಡಿಯೋ ಮಾರಾಯ" ಅನ್ನುವಳು.

ಮದುವೆಯ ದಿನ ಭದ್ರಾವತಿಯ ಛತ್ರದಲ್ಲಿ ಯೋಗೇಶ ಪಂಕ್ತಿಯಲ್ಲಿ ಕೂತ. ತುತ್ತು, ತೊಡೆ, ತುತ್ತು, ತೊಡೆ. ಅವನು ಹೋಳಿಗೆಗೆ ಬರುವಷ್ಟರಲ್ಲಿ ಉಳಿದವರೆಲ್ಲ ಮಜ್ಜಿಗೆ ಮುಗಿಸಿದ್ದರು. ಒಬ್ಬರು ಉಣ್ಣುತ್ತಿರುವಾಗ ಪಂಕ್ತಿ ಏಳುವ ಹಾಗಿಲ್ಲ. ಹೊರಗೆ ಮುಂದಿನ ಪಂಕ್ತಿಯವರು ಇಣುಕುತ್ತಿದ್ದರು. ಪಕ್ಕದಲ್ಲಿದ್ದ ಪುಟ್ಟಲಕ್ಷ್ಮಿ ಅವನ ಕೈಯನ್ನೇ ನೋಡುತ್ತಿದ್ದಳು. ಈಗ ಇವನು ಅವಸರ ಮಾಡಿದನೋ, ಕೆಟ್ಟಿತು.

ಎದುರಿಗಿದ್ದ ಬೀಗರು ಷಡಕ್ಷರಪ್ಪ ಏನಕ್ಕೋ ನಗುತ್ತ ನೀರೆತ್ತಿ ಕುಡಿದವರು ಕೆಮ್ಮತೊಡಗಿದರು. ಯಾರೋ ನೆತ್ತಿ ತಟ್ಟಿದರು, ಯಾರೋ ಮತ್ತೆ ನೀರು ಹಿಡಿದರು.

"ನೀರು ಬೇಡ" ಅಂದ ಯೋಗೇಶ. "ಬೀಗರೇ, ಮುಂದಕ್ಕೆ ಬಗ್ಗಿ ಕೆಮ್ಮಿ. ಸರಿ ಹೋದ ಮೇಲೆ ಗದ್ದ ಬಗ್ಗಿಸಿ ಒಂದೇ ಗುಟುಕು."

ಕೆಮ್ಮು ನಿಂತಿತು. ಷಡಕ್ಷರಪ್ಪ ಕಣ್ಣೊರೆಸಿಕೊಂಡರು. "ನೀವು ಡಾಕ್ಟರಾ?"

"ಪೇಷೆಂಟು. ಅನುಭವ ಜಾಸ್ತಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಷಡಕ್ಷರಪ್ಪ ಚಕ್ಕಳಮಕ್ಕಳ ಬಿಗಿದು ಕೂತು, "ನಿಧಾನಕ್ಕೆ ಉಣ್ಣಿ, ನಾನಂತೂ ಏಳಲ್ಲ" ಅಂದು ತಮಗೂ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಸೀತಾ ತಾನೇ ತುಪ್ಪದ ಗಿಂಡಿ ತಂದು ಅಣ್ಣನ ಎಲೆಯ ಮುಂದೆ ಬಗ್ಗಿದಳು.

ಪುಟ್ಟಲಕ್ಷ್ಮಿ ತನ್ನ ಲೋಟ ಎತ್ತಿಕೊಂಡಳು. ಅತ್ತ ಇತ್ತ ನೋಡಿ, ಲೋಟಕ್ಕೆ ತುಟಿ ತಾಗಿಸಿ ಕುಡಿದಳು.