‘ಆತ್ರಿ’ ಅಂದ ಮೇಲಿನ ಮುಖಗಳು

ತಿರಕಪ್ಪ ತೀರಿಕೊಂಡು ತಿಂಗಳಾಗುತ್ತ ಬಂತು. ಅವನ ಬಗ್ಗೆ ಯಾರಾದರೂ ನಾಲ್ಕು ಮಾತು ಬರೆಯಬೇಕೆಂದು ಅವನ ಹೆಂಡತಿ ಅಮೃತವ್ವ ಹೇಳಿದಳು. ಬರೆಯುವವರು ಊರಲ್ಲಿ ಬೇಕಾದಷ್ಟಿದ್ದಾರೆ, ಅವನನ್ನು ಹತ್ತಿರದಿಂದ ಕಂಡವರು ಕಡಿಮೆ. ಅದಕ್ಕೇ ಅವನ ಗೆಳೆಯನಾದ ನಾನು, ಊರಿನ ಶಾಲೆಯ ಮಾಸ್ತರ, ಬರೆಯಲು ಕುಳಿತೆ.

ಗದಗಿನಲ್ಲಿ ಅಂದಾನಪ್ಪನವರದೊಂದು ಫೋಟೋ ಸ್ಟುಡಿಯೋ. ತಿರಕಪ್ಪ ಅಲ್ಲಿ ಕೆಲಸಕ್ಕಿದ್ದ. ಬಂದವರನ್ನು ಕುರ್ಚಿಯ ಮೇಲೆ ಕೂಡಿಸುವುದು, ಗದ್ದ ಹಿಡಿದು ಮುಖ ಎತ್ತುವುದು, ರುಮಾಲು ನೆಟ್ಟಗೆ ಮಾಡುವುದು, ಆಮೇಲೆ ಗಟ್ಟಿಯಾಗಿ ‘ಉಸರ ಹಿಡೀರಿ, ಅಲುಗಾಡಬ್ಯಾಡ್ರಿ’ ಅನ್ನುವುದು ಅವನ ಪಾಲಿನ ಕೆಲಸ. ಅಂದಾನಪ್ಪನವರು ಕ್ಯಾಮೆರಾದ ಮುಚ್ಚಳ ತೆಗೆದು, ಮತ್ತೆ ಹಾಕಿ, ‘ಆತ್ರಿ, ಮುಗೀತು’ ಅಂದಾಗಲೇ ಕುಳಿತವರಿಗೆ ಬಿಡುಗಡೆ.

ಸ್ವಾತಂತ್ರ್ಯ ಬಂದ ವರ್ಷ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯ ಇಂಗ್ಲಿಷ್ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟ. ಕೊನೆಯ ಫೋಟೋ ತೆಗೆಸಿಕೊಳ್ಳಲು ಬಂದವನು ಒಂದು ಟ್ರಂಕನ್ನು ತಿರಕಪ್ಪನ ಕೈಗಿತ್ತು ಹೋದ. ಅದರಲ್ಲಿ ಗಡಿಯಾರದಂತೆ ಕೀಲಿ ಕೊಟ್ಟು ನಡೆಸುವ ಸಣ್ಣ ಸಿನೆಮಾ ಕ್ಯಾಮೆರಾ ಇತ್ತು, ತೋರಿಸುವ ಯಂತ್ರವೂ ಇತ್ತು. ಮಾತು ಹಿಡಿಯುವ ಸೌಕರ್ಯ ಇರಲಿಲ್ಲ. ರೀಲು ಮುಂಬೈಯಿಂದ ಬರಬೇಕು, ತೊಳೆಯಲು ಮುಂಬೈಗೇ ಹೋಗಬೇಕು. ಆ ರೀಲು ಸಿಗಲು ವರ್ಷಗಳೇ ಹಿಡಿದವು.

ಅಲ್ಲಿಯವರೆಗೆ ನಾವಿಬ್ಬರೂ ಟಾಕೀಸಿಗೆ ಹೋಗುತ್ತಿದ್ದೆವು. ಚಿತ್ರಕ್ಕಿಂತ ಮೊದಲು ಬರುವ ಸಮಾಚಾರದ ರೀಲಿನಲ್ಲಿ ದಿಲ್ಲಿಯ ಪರೇಡು, ಮುಂಬೈಯ ಹಡಗು ಕಾಣುತ್ತಿದ್ದವು. ತಿರಕಪ್ಪ ಪ್ರತಿ ಸಲ ಅದೇ ಮಾತು ಅನ್ನುತ್ತಿದ್ದ: “ಮಾಸ್ತರ, ನಮ್ಮ ಮಂದಿ ಪಡದೆ ಮ್ಯಾಗ ಯಾಕ ಬರಬಾರ್ದು?”

ಕೊನೆಗೆ ಎರಡು ರೀಲು ಬಂದವು. ಬೆಟಗೇರಿಯ ನೇಕಾರರ ಓಣಿಯ ಚಿತ್ರ ತೆಗೆಯುವೆನೆಂದು ಅವನು ಸಾರಿದ. ಮೊದಲನೆಯ ರೀಲಿನ ಗತಿ ಹೇಳಿದರೆ ಇಂದಿಗೂ ಓಣಿಯವರು ನಗುತ್ತಾರೆ. ಕ್ಯಾಮೆರಾ ಬರುತ್ತದೆಂದು ಎಲ್ಲರೂ ಮದುವೆಯ ಸೀರೆ, ಧೋತರ ಉಟ್ಟು ಮಗ್ಗದ ಮುಂದೆ ಸಾಲಾಗಿ ನಿಂತಿದ್ದರು. ತಿರಕಪ್ಪನೂ ಅಭ್ಯಾಸಬಲದಿಂದ ಗದ್ದ ಎತ್ತಿದ, ಸೆರಗು ಸರಿಪಡಿಸಿದ, ‘ಅಲುಗಾಡಬ್ಯಾಡ್ರಿ’ ಅಂದ, ಕೀಲಿ ಬಿಟ್ಟ. ಯಾರೂ ಅಲುಗಾಡಲಿಲ್ಲ.

ತೊಳೆದು ಬಂದ ರೀಲನ್ನು ಓಣಿಯ ಗೋಡೆಗೆ ಧೋತರ ಕಟ್ಟಿ ತೋರಿಸಿದ. ಪಡದೆಯ ಮೇಲೆ ಎಲ್ಲರೂ ಕಂಬದಂತೆ ನಿಂತೇ ಇದ್ದರು. ಹಿಂದಿನಿಂದ ಒಂದು ಆಡು ಬಂದು ನೂಲಿಗೆ ಹಚ್ಚುವ ಗಂಜಿಯ ಪಾತ್ರೆಗೆ ಬಾಯಿ ಹಾಕಿ ಹೋಯಿತು, ಅಷ್ಟೇ.

ಓಣಿಯ ಹಿರಿಯಳು ದೇವವ್ವ. ಅವಳ ಬಾಯಿಗೆ ಪೊಲೀಸ್ ಪಾಟೀಲನೂ ಅಂಜುತ್ತಿದ್ದ. “ಲೇ ತಿರಕ್ಯಾ,” ಎಂದು ಕೂಗಿದಳು, “ನಮ್ಮನ್ನ ಗ್ವಾಡಿಗೆ ಮೊಳಿ ಹೊಡದು ನಿಲ್ಲಿಸೀಯೇನೋ? ಇದರಾಗ ಜೀವ ಇರೋದು ಆ ಆಡು ಒಂದಕ್ಕ!”

“ಅದಕ್ಕ ಯಾರೂ ಅಲುಗಾಡಬ್ಯಾಡ ಅಂದಿಲ್ಲ ಬಿಡಬೇ,” ಎಂದರು ಯಾರೋ. ಅಂದಿನಿಂದ ಅದು ‘ಆಡಿನ ಸಿನೆಮಾ’ ಆಯಿತು.

ಉಳಿದದ್ದು ಒಂದೇ ರೀಲು. ಅದೂ ಹಾಳಾದರೆ ಮತ್ತೆ ಎಷ್ಟು ವರ್ಷ ಕಾಯಬೇಕೋ. ತಿರಕಪ್ಪ ಮಾತು ಕಡಿಮೆ ಮಾಡಿದ, ಸ್ಟುಡಿಯೋದಲ್ಲಿ ಬಂದವರ ಮುಖವನ್ನೇ ನೋಡುತ್ತ ನಿಲ್ಲತೊಡಗಿದ. ಒಂದು ಮಧ್ಯಾಹ್ನ ಮುಳಗುಂದದ ಹೊಸ ಜೋಡಿಯೊಂದು ಬಂದಿತ್ತು. ನಾನೂ ಅಲ್ಲೇ ಇದ್ದೆ. ಗಂಡ ಹೆಂಡತಿ ಜಗಳವಾಡಿದವರಂತೆ ಬಿಗಿದು ಕುಳಿತಿದ್ದರು. ಅಂದಾನಪ್ಪನವರು ‘ಆತ್ರಿ’ ಅಂದದ್ದೇ ತಡ, ಹುಡುಗಿ ಗಂಡನ ಮೀಸೆ ನೋಡಿ ಪಕ್ಕನೆ ನಕ್ಕಳು, ಅವನು ನಾಚಿ ಅವಳ ತೋಳು ಚಿವುಟಿದ. ತಿರಕಪ್ಪ ನನ್ನ ಕಡೆ ತಿರುಗಿದ.

“ನೋಡಿದ್ರೇನ್ರಿ ಮಾಸ್ತರ? ಖರೆ ಮಾರಿ ‘ಆತ್ರಿ’ ಅಂದ ಮ್ಯಾಲ ಬರ್ತೈತಿ. ಇಷ್ಟು ವರ್ಷ ನಾವು ಮುಚ್ಚಳ ಹಾಕಿದ ಮ್ಯಾಲ ಅದು ಬರಾಕತ್ತಿತ್ತು.”

ಅದೇ ಹೊತ್ತಿಗೆ ಏಕೀಕರಣದ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ನಮ್ಮ ಸೀಮೆ ಚಿಂದಿಯಾಗಿದ್ದ ಕಾಲ ನೋಡಿದವರು ನಾವು. ಗದಗು ಮುಂಬೈಗೆ, ಲಕ್ಷ್ಮೇಶ್ವರ ಮಿರಜಿಗೆ, ಶಿರಹಟ್ಟಿ ಸಾಂಗಲಿಗೆ, ಮುಂಡರಗಿ ದಾಟಿದರೆ ನಿಜಾಮರ ನಾಡು. ಎಲ್ಲ ಒಂದಾಗುವ ದಿನ ದೊಡ್ಡ ಮೆರವಣಿಗೆ ಎಂದು ಗೊತ್ತಾಯಿತು. ಅದರ ಮುಂದಾಳು ಅರಿವೆ ವ್ಯಾಪಾರಿ ಪುಂಡಲೀಕಪ್ಪನವರು ಸ್ಟುಡಿಯೋಕ್ಕೆ ಬಂದರು.

“ತಿರಕಪ್ಪಾ, ಮೆರವಣಿಗಿ ಪೂರಾ ನಿನ್ನ ರೀಲಿನ್ಯಾಗ ಬರಬೇಕು. ಇತಿಹಾಸ ಐತಿದು. ಮುಂದ ಬೇಕಾದಷ್ಟು ರೀಲು ನಾ ತರಿಸಿಕೊಡ್ತೀನಿ.”

“ಆಗೂದಿಲ್ರಿ ಸಾವಕಾರ್ರ. ಇದು ದೇವವ್ವನ ಓಣಿಗೆ ಐತಿ.”

“ಆಡಿನ ಸಿನೆಮಾ ಎರಡನೇ ಭಾಗೇನು?”

“ಹೂನ್ರಿ. ಈ ಸಲ ಆಡು ಇರೂದಿಲ್ಲ.”

ಅವರು ಮುಖ ಗಂಟಿಕ್ಕಿ ಹೋದರು. ಸಾಹುಕಾರರು ಹೇಳಿದ್ದರಲ್ಲೂ ಅರ್ಥವಿದೆ ಎಂದು ನಾನು ಹೇಳಿನೋಡಿದೆ. ತಿರಕಪ್ಪ ಕ್ಯಾಮೆರಾ ಒರೆಸುತ್ತಲೇ ಉತ್ತರ ಕೊಟ್ಟ: “ಮೆರವಣಿಗಿ ತಗ್ಯಾಕ ಮುಂಬೈಯಿಂದ ಮಂದಿ ಬಂದರೂ ಬಂದಾರು. ದೇವವ್ವನ ಓಣಿಗೆ ಯಾರು ಬರ್ತಾರ್ರಿ?”

ನವೆಂಬರ್ ಒಂದರ ಬೆಳಗ್ಗೆ ಮೆರವಣಿಗೆಗೆ ಹೊರಟವನು ನಾನು ದಾರಿ ಬದಲಿಸಿ ಅವನ ಜೊತೆ ಬೆಟಗೇರಿಗೆ ನಡೆದೆ. ಓಣಿಯುದ್ದಕ್ಕೂ ಹಾಸಿನ ನೂಲು, ಮಗ್ಗಕ್ಕೇರುವ ಉದ್ದನೆಯ ಎಳೆಗಳು, ಚಾಚಿ ಗಂಜಿ ಹಚ್ಚಿದ್ದರು. ಗಂಜಿ ಒಣಗುವುದರೊಳಗೆ ಎಳೆ ಎಳೆ ಬಿಡಿಸಿ ಬಾಚಬೇಕು, ನಾಡೇ ಒಂದಾದರೂ ಆ ಕೆಲಸ ಕಾಯುವುದಿಲ್ಲ. ಆದರೆ ಕ್ಯಾಮೆರಾ ಕಂಡದ್ದೇ ಎಲ್ಲರೂ ಕೈ ಬಿಟ್ಟು, ಗದ್ದ ಎತ್ತಿ ಮತ್ತೆ ಕಂಬವಾದರು.

ತಿರಕಪ್ಪ ಬೈಯಲಿಲ್ಲ. ಸ್ಟುಡಿಯೋದಲ್ಲಿ ನಿಲ್ಲಿಸುವಂತೆಯೇ ಎಲ್ಲರನ್ನೂ ಒಪ್ಪವಾಗಿ ನಿಲ್ಲಿಸಿದ. ‘ಉಸರ ಹಿಡೀರಿ’ ಅಂದ. ಕೀಲಿ ಬಿಡಲೇ ಇಲ್ಲ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಹತ್ತು ಎಣಿಸಿ, “ಆತ್ರಿ, ಮುಗೀತು. ನಿಮ್ಮ ಕೆಲಸ ನೋಡ್ಕೋರಿ,” ಅಂದ.

ಓಣಿಗೆ ಓಣಿಯೇ ಉಸಿರು ಬಿಟ್ಟಿತು. ದೇವವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಣಗುತ್ತಿದ್ದ ನೂಲು ನೋಡಿ ಗಂಡನ ಮೇಲೆ ಹರಿಹಾಯ್ದಳು. ಅವನು ಅವಳ ಬೆನ್ನ ಹಿಂದೆ ಅವಳಂತೆಯೇ ಕೈ ಕುಣಿಸಿ ಅಣಕಿಸಿದ. ಸೊಸೆಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕೈಗಳು ಮಾತ್ರ ನೂಲಿನ ಮೇಲೆ ಓಡುತ್ತಲೇ ಇದ್ದವು. ಕ್ಯಾಮೆರಾ ಆಗಲೇ ಗುರುಗುಟ್ಟುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಆ ರೀಲು ತೋರಿಸಿದ ದಿನ ಪಡದೆಯಲ್ಲಿ ಮಾತಿರಲಿಲ್ಲ, ಓಣಿಯೇ ಮಾತಾಡಿತು. ದೇವವ್ವ ಎದ್ದು ನಿಂತು, ಅವತ್ತಿನ ಬೈಗುಳವನ್ನು ಒಂದೂ ಬಿಡದೆ ಪಡದೆಗೆ ಸರಿಯಾಗಿ ಮತ್ತೆ ಬೈದಳು. ಅಣಕಿಸಿದ್ದು ಕಂಡ ಮೇಲೆ ಹೊಸದಾಗಿಯೂ ಬೈದಳು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಪುಂಡಲೀಕಪ್ಪನವರು, “ಇನ್ನೊಮ್ಮಿ ತಿರುಗಸು,” ಎಂದರು.

ಮುಂದೆ ತಿರಕಪ್ಪ ರೀಲು ಸಿಕ್ಕಾಗಲೆಲ್ಲ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೊರಟ. ಲಕ್ಷ್ಮೇಶ್ವರದ ಸಂತೆ, ಶಿರಹಟ್ಟಿಯ ಕುಂಬಾರರು, ಮುಂಡರಗಿಯ ಕಣ ಎಲ್ಲ ತೆಗೆದ. ಎಲ್ಲ ಕಡೆಯೂ ಅದೇ ವರಸೆ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಯ ಹಕ್ಕಿಗಳಿಗೆ ಮಾತ್ರ ‘ಆತ್ರಿ’ ಅನ್ನಬೇಕಾಗಲಿಲ್ಲ ಎಂದು ನಗುತ್ತಿದ್ದ. ಹೆಸರು ಬರಲಿಲ್ಲ, ಬರಲೆಂದು ಅವನು ಕಾಯಲೂ ಇಲ್ಲ.

ಎದೆನೋವು ಅವನಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ನಮ್ಮಲ್ಲಿಯ ಪದ್ಧತಿಯಂತೆ ಹೆಣಕ್ಕೆ ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಮುದುಕರಾದ ಅಂದಾನಪ್ಪನವರು ಕೊನೆಯ ಫೋಟೋ ತೆಗೆಯಲು ತಾವೇ ಕ್ಯಾಮೆರಾ ಹೊತ್ತುಕೊಂಡು ಬಂದರು. ನಾವೆಲ್ಲ ಅವನ ಎರಡೂ ಕಡೆ ಕುಳಿತೆವು. ಅಮೃತವ್ವ ಅತ್ತಿರಲಿಲ್ಲ, ಉಸಿರು ಬಿಗಿಹಿಡಿದು ನೆಟ್ಟಗೆ ಕುಳಿತಿದ್ದಳು. ಮುಚ್ಚಳ ಹಾಕಿದ ಅಂದಾನಪ್ಪನವರು ‘ಆತ್ರಿ’ ಅಂದರು, ‘ಮುಗೀತು’ ಅನ್ನಲಿಲ್ಲ.

ದೇವವ್ವ ಎದ್ದು ಬಂದು ಅವನ ಹೆಗಲ ಮೇಲಿನ ಶಾಲು ಸರಿಮಾಡಿದಳು.

“ಲೇ ತಿರಕ್ಯಾ,” ಅಂದಳು, “ಅಲುಗಾಡಬ್ಯಾಡ ಅಂತ ನಿನಗ ಯಾರು ಹೇಳಿದ್ರೋ?”

ಆಗ ಅಮೃತವ್ವ ಅತ್ತಳು.