ಜೀವ ಹೆಚ್ಚಾಗ್ಯಾವ

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಎಮ್ಮೆ ಹಾಯ್ದು ದಿನಕ್ಕೆ ಹತ್ತು ಸಲವಾದರೂ ಸಾಯುತ್ತೇನೆ ಎಂದರೆ ನೀವು ಗಾಬರಿಯಾಗಬಾರದು. ಎಮ್ಮೆಯೂ ಚೌಕಚೌಕವಾಗಿದೆ, ಸಾಯುವ ನಾನೂ ಚೌಕಚೌಕವಾಗಿದ್ದೇನೆ. ಎಲ್ಲ ನಡೆಯುವುದು ನನ್ನ ಫೋನಿನೊಳಗೆ, ಮಧ್ಯಾಹ್ನದ ಊಟ ಮುಗಿಸಿ ನಮ್ಮ ಮನೆಯವರು ಗೊರಕೆ ಹೊಡೆಯುವ ಹೊತ್ತಿನಲ್ಲಿ. ಮೂವತ್ತು ವರ್ಷ ಜಹೀರಾಬಾದಿನ ಸರಕಾರಿ ಶಾಲೆಯಲ್ಲಿ ತೆಲುಗಿನಲ್ಲಿ ಲೆಕ್ಕ ಕಲಿಸಿ, ಬೆಂಚಿನ ಕೆಳಗೆ ಫೋನು ಹಿಡಿದ ಎಷ್ಟೋ ಮಕ್ಕಳ ಕಿವಿ ಹಿಂಡಿದವಳು ನಾನು. ಅವರಲ್ಲಿ ಒಬ್ಬರು ಈಗ ನಮ್ಮ ಪಡಸಾಲೆಗೆ ಇಣುಕಿದರೆ ನನ್ನ ಮರ್ಯಾದೆಯ ಗತಿಯೇನು ಎಂದು ಯೋಚಿಸತೊಡಗುತ್ತೇನೆ. ಅಷ್ಟರಲ್ಲಿ ಎಮ್ಮೆ ಬಂದುಬಿಡುತ್ತದೆ.

ಆ ಎಮ್ಮೆಯನ್ನು ಹುಟ್ಟಿಸಿದವಳು ನನ್ನ ತಮ್ಮನ ಮಗಳು ಶ್ರೀದೇವಿ. ತಾಂಡೂರಿನಲ್ಲಿರುತ್ತಾಳೆ. ಹಗಲು ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳಿಗೆ ಬಳ್ಳಿ, ನವಿಲು, ಬಾಸಿಂಗ ಬಿಡಿಸುವುದು ಅವಳ ಕೆಲಸ. ಸಂಜೆ ಮನೆಗೆ ಬಂದು, ಎರಡು ವರ್ಷ ಒಬ್ಬಳೇ ಕೂತು ಈ ಆಟ ಕಟ್ಟಿದಳು. ಹೆಸರು 'ಫರ್ಸಿ'. ತಾಂಡೂರೆಂದರೆ ಫರ್ಸಿಕಲ್ಲು ತಾನೆ. ನೆಲಕ್ಕೂ ಅದೇ, ಗೋಡೆಗೂ ಅದೇ, ಬಟ್ಟೆ ಒಗೆಯುವುದಕ್ಕೂ ಅದೇ. ಆಟದಲ್ಲಿ ಗಂಗವ್ವ ಎಂಬ ಹೆಂಗಸು ತಲೆಯ ಮೇಲೆ ಬುತ್ತಿ ಹೊತ್ತು ಕಲ್ಲಿನ ಗಣಿ ದಾಟಿ ಹೊಲಕ್ಕೆ ಹೋಗಬೇಕು. ಹಾಸುಗಲ್ಲಿನಿಂದ ಹಾಸುಗಲ್ಲಿಗೆ ಜಿಗಿಯಬೇಕು. ತಪ್ಪಿದರೆ ಗಣಿಯ ಹಸಿರು ನೀರಿನಲ್ಲಿ ಬುಳುಂಕ್. ದಾರಿಯಲ್ಲಿ ಓತಿಕ್ಯಾತ ನಾಲಿಗೆ ಚಾಚುತ್ತದೆ, ಯಾಲಾಲ ರಸ್ತೆಗೆ ಅಡ್ಡಲಾಗಿ ಮೇಲೆ ಹೇಳಿದ ಎಮ್ಮೆ ನಿಂತಿರುತ್ತದೆ. ಬುತ್ತಿಯಲ್ಲಿ ಮೂರು ರೊಟ್ಟಿ; ಒಂದೊಂದು ರೊಟ್ಟಿ ಒಂದೊಂದು ಜೀವ.

ಇಂಥ ಆಟ ನನಗೆ ಹೊಸದಲ್ಲ. ಈ ಶ್ರೀದೇವಿಯ ಅಪ್ಪ ಹುಡುಗನಾಗಿದ್ದಾಗ ಟಿವಿಗೆ ಜೋಡಿಸುವ ಡಬ್ಬಿಯೊಂದನ್ನು ಬಾಡಿಗೆಗೆ ತಂದು, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿ, ದಿನವಿಡೀ ಜಿಗಿಯುತ್ತಿದ್ದ. ಪರೀಕ್ಷೆಯ ತಿಂಗಳಲ್ಲಿ ಆ ವೈರು ಕಿತ್ತು ಗೋಧಿಯ ಡಬ್ಬಿಯಲ್ಲಿ ಬಚ್ಚಿಟ್ಟವಳು ಈ ಅಕ್ಕ. ಆ ಪಾಪಕ್ಕೆ ಈಗ ಅವನ ಮಗಳಿಗೆ ಫೋನು ಮಾಡಿ, "ಎಮ್ಮಿ ದಾಟೋದು ಹ್ಯಾಂಗವ್ವ?" ಎಂದು ದೈನೇಸಿಯಾಗಿ ಕೇಳುವ ಪಾಳಿ ನನಗೆ ಬಂದಿದೆ.

ಕೂದಲೆಳೆ ಕೂಡ ಹಾರಾಡುವಂತೆ ತೋರಿಸುವ ಆಟಗಳು ಬಂದಿರುವಾಗ ಈ ಹಳೇ ಕಾಲದ ಚೌಕಗಳು ಯಾಕೆ ಎಂದು ಅವಳನ್ನು ಕೇಳಿದ್ದೆ. "ಚುಕ್ಕಿ ಕಡಿಮಿ ಇದ್ರ ಉಳದಿದ್ದು ನೋಡೋರು ತುಂಬಸ್ತಾರತ್ತಿ," ಎಂದಳು. ರಂಗೋಲಿಯೂ ಅಷ್ಟೇ ಅಲ್ಲವೇ? ಒಂಬತ್ತು ಚುಕ್ಕಿ ಇಟ್ಟು ನಾಲ್ಕು ಗೆರೆ ಎಳೆದರೆ ನಾವು ಅದನ್ನು ತಾವರೆ ಎಂದು ಒಪ್ಪಿಕೊಳ್ಳುತ್ತೇವೆ, ನಿಜವಾದ ತಾವರೆ ಬಂದು ತಕರಾರು ಮಾಡುವುದಿಲ್ಲ. ನನ್ನ ಗ್ರಾಫ್ ಹಾಳೆಯ ಮೇಲೆ ಮೂರು ಚುಕ್ಕಿ ಸೇರಿಸಿ ಮಕ್ಕಳು ಪರವಲಯ ಎಂದು ಹೇಳಿದಾಗ ನಾನೂ ಅರ್ಧ ಮಾರ್ಕು ತುಂಬಿಸಿ ಕೊಟ್ಟಿದ್ದೇನೆ. ಈ ತುಂಬಿಸುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಹೇಳಿದವಳೇ ಮರೆತು ಆಮೇಲೆ ಒದ್ದಾಡಿದಳು.

ಆಟವನ್ನು ಮೂರು ಭಾಷೆಯಲ್ಲಿ ತರುವುದೆಂದು ಅವಳು ನಿಶ್ಚಯಿಸಿದಳು. ಇಂಗ್ಲಿಷ್ ಅವಳದೇ. ತೆಲುಗು ಪ್ರೆಸ್ಸಿನ ಗೆಳತಿಯದು. ಕನ್ನಡಕ್ಕೆ ನಾನು. ಹೆಮ್ಮೆಪಡುವ ಮೊದಲು ಒಂದು ಸತ್ಯ ಹೇಳಬೇಕು: ನಮ್ಮೂರಲ್ಲಿ ಬೀದರಿನ ಬಸ್ಸಿನ ಬೋರ್ಡು ಓದಬಲ್ಲವರೆಲ್ಲ ಕನ್ನಡ ಪಂಡಿತರೇ. ನಾನು ಅಕ್ಷರ ಕಲಿತದ್ದು ಅಜ್ಜಿಯ ತೊಡೆಯ ಮೇಲೆ, ಅವಳ ವಚನದ ಪುಸ್ತಕದ ಹರಿದ ಹಾಳೆಗಳಲ್ಲಿ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಹೀಗೆ ಮೂರು ಚಪ್ಪಲಿ ಬದಲಿಸಿ ನಡೆದ ಜನ ನಾವು. ಈ ಪಾಂಡಿತ್ಯದಿಂದ ಶ್ರೀದೇವಿ ಕಳಿಸಿದ ಸಾಲುಗಳಿಗೆ ಒಂದು ಸಂಜೆ ಕನ್ನಡ ಬರೆದೆ. ಸ್ಟಾರ್ಟ್ ಎಂಬಲ್ಲಿ 'ಶುರು ಮಾಡ್ರಿ'. ಆಟ ನಿಲ್ಲಿಸುವಲ್ಲಿ 'ತಡೀರಿ'. ಆಟದಿಂದ ಹೊರಬೀಳುವ ಗುಂಡಿಗೆ 'ಬರ್ತೀನಿ'. ಕೊನೆಗೆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಜೀವಗಳು ಇನ್ನು ಉಳಿದಿಲ್ಲ ಎಂದು ಇಂಗ್ಲಿಷಿನಲ್ಲಿತ್ತು.

ದೀಪ ಹಚ್ಚುವ ಹೊತ್ತಿನಲ್ಲಿ ಇಂಥ ಮಾತು ಬರೆಯುವುದು ಹೇಗೆ? ನಮ್ಮ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಅಂದರೆ ಮುಗಿಯುತ್ತದೆ, ಆದರೆ ಮುಗಿಯಿತು ಎನ್ನುವ ಹಾಗಿಲ್ಲ. ಡಬ್ಬಿಯ ತಳ ಕಂಡಾಗ ಅವ್ವ, "ಅಕ್ಕಿ ಹೆಚ್ಚಾಗ್ಯಾವ," ಅನ್ನುತ್ತಿದ್ದಳು. ಬಳೆ ಒಡೆದರೆ ಬಳೆ ಹೆಚ್ಚಾದವು. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಹೊರಟವರು ಹೋಗುತ್ತೇನೆ ಅನ್ನದೆ ಬರುತ್ತೇನೆ ಎಂದೇ ಹೋಗಬೇಕು. ಹಾವು ಕೂಡ ನಮ್ಮ ಬಾಯಲ್ಲಿ ಬರೀ ಹುಳ. ಕೆಟ್ಟದ್ದನ್ನು ಒಳ್ಳೆಯ ಮಾತಿನಲ್ಲಿ ಸುತ್ತಿ ಕೊಡುವ ಈ ಪದ್ಧತಿಗೆ ಪಂಡಿತರಲ್ಲಿ ಏನೋ ಭಾರಿ ಹೆಸರಿದೆ. ಲೆಕ್ಕದ ಟೀಚರಾಗಿ ನೋಡಿದರೆ ಮಾತ್ರ ಇದು ಘೋರ ಅಪರಾಧ. ಸೊನ್ನೆಯನ್ನು 'ಹೆಚ್ಚು' ಎಂದು ಬರೆದ ಹುಡುಗಿಯನ್ನು ನಾನು ನಾಪಾಸು ಮಾಡುತ್ತಿದ್ದೆ. ಆದರೆ ಆ ಸಂಜೆ ಟೀಚರು ಒಳಗೆ ಹೋಗಿದ್ದಳು, ಅವ್ವನ ಮಗಳು ಕೂತಿದ್ದಳು. ಎರಡನೆಯ ಯೋಚನೆಯೇ ಇಲ್ಲದೆ ಬರೆದೆ: 'ಜೀವ ಹೆಚ್ಚಾಗ್ಯಾವ.' ಫೋನಿನಲ್ಲಿ ಓದಿ ಹೇಳಿದಾಗ ಶ್ರೀದೇವಿಯೂ, "ಚಲೋ ಆಗ್ಯಾದತ್ತಿ," ಎಂದಳು. ಅವಳೂ ಅದೇ ಮನೆಯ ಡಬ್ಬಿಗಳ ನಡುವೆ ಬೆಳೆದವಳಲ್ಲವೇ.

ಆಟ ಹೊರಬಿತ್ತು. ಮೊದಲ ವಾರ ನಾವಿಬ್ಬರೂ ಹೊಸ ಬಾಣಂತಿಯರಂತೆ ಕಣ್ಣು ಪಿಳಿಪಿಳಿ ಬಿಡುತ್ತ ಆಡಿದವರ ಅಭಿಪ್ರಾಯಗಳನ್ನು ಓದಿದೆವು. ಇಂಗ್ಲಿಷಿನವರು ಹೊಗಳಿದರು: ಬಾಲ್ಯ ನೆನಪಾಯಿತು, ಟುಂಯ್ ಟುಂಯ್ ಸಂಗೀತ ಕಿವಿಯಲ್ಲೇ ಕೂತಿದೆ, ಎಮ್ಮೆಯನ್ನು ಬಂಧಿಸಿ. ತೆಲುಗಿನವರು ಎಮ್ಮೆಗೆ ಒಂದು ಅಡ್ಡಹೆಸರನ್ನೇ ಇಟ್ಟರು. ಆಮೇಲೆ ಕನ್ನಡ ಬಂತು. ಮೈಸೂರು ಕಡೆಯ ಮಹಾಶಯರೊಬ್ಬರು ಒಂದೇ ಒಂದು ನಕ್ಷತ್ರ ಕೊಟ್ಟು ಕೇಳಿದ್ದರು: "ಜೀವ ಹೆಚ್ಚಾಗಿವೆ ಅಂತ ತೋರಿಸಿ ಆಟ ಮೊದಲಿನಿಂದ ಶುರು ಮಾಡೋದು ಯಾವ ನ್ಯಾಯ ಸ್ವಾಮಿ?" ಇನ್ನೊಬ್ಬರು, ಸತ್ತಷ್ಟೂ ಜೀವ ಹೆಚ್ಚುತ್ತದೆಂದು ನಂಬಿ, ರಜಾದಿನವಿಡೀ ಬೇಕೆಂದೇ ಗಣಿಗೆ ಹಾರಿದ್ದರಂತೆ. ಮತ್ತೊಬ್ಬರಿಗೆ 'ಬರ್ತೀನಿ' ಒತ್ತಿದರೆ ಯಾರು ಬರುತ್ತಾರೆಂದು ಕಾದು ಸಾಕಾಗಿತ್ತು. ಒಂದು ನಕ್ಷತ್ರಗಳು ಸಾಲುಗಟ್ಟಿದವು.

ಶುಕ್ರವಾರ ಶ್ರೀದೇವಿಯ ಫೋನು ಬಂತು. ದನಿಯಲ್ಲಿ ಜೀವವಿರಲಿಲ್ಲ.

"ಅತ್ತಿ, ಹೆಚ್ಚಾಗ್ಯಾವ ಅಂದ್ರ ಮುಗದಾವ ಅಂತ್ಲೇ ಅಲ್ಲೇನು?"

"ಹೌದವ್ವ, ಮತ್ತೇನು?"

"ಅವರ ಕನ್ನಡದಾಗ ಹೆಚ್ಚಾಗೋದಂದ್ರ ಖರೇನೇ ಹೆಚ್ಚಾಗೋದಂತ." ಮತ್ತೆ, "ಕನ್ನಡ ತೆಗದುಬಿಡ್ಲೇನು? ಆಡೋರೇ ಸ್ವಲ್ಪ ಮಂದಿ, ಅವರೂ ಬೈಯಾಕತ್ಯಾರ. ಸೋಮವಾರ ಹೊಸಾದು ಹಾಕ್ತೀನಿ, ಅಷ್ಟರಾಗ ಹೇಳ್ರಿ," ಎಂದಳು.

ಒಂದು ಸಾಲು ತಿದ್ದಿದರೆ ಸಾಕಲ್ಲ ಎಂದೆ. ಒಂದು ತಿದ್ದಿದರೆ ಇನ್ನೊಂದು, ಎಲ್ಲಾ ಪುಸ್ತಕದ ಕನ್ನಡವೇ ಆಗಬೇಕು, ಅದು ನಿಮಗೂ ಬರಲ್ಲ ನನಗೂ ಬರಲ್ಲ ಎಂದಳು. ನಿಜವೇ. ಫೋನಿಟ್ಟ ಮೇಲೆ ನನಗೆ ಬಹಳ ಸಂಕಟವಾಯಿತು. ಅದನ್ನು ಒಳ್ಳೆಯ ಮಾತಿನಲ್ಲಿ ಸುತ್ತಿ ಹೇಳಲಾರೆ. ಜಹೀರಾಬಾದಿನ ಅಂಗಡಿಗಳ ಮೇಲೆ ತೆಲುಗಿದೆ, ಉರ್ದುವಿದೆ, ಇಂಗ್ಲಿಷಿದೆ. ನಾವಾಡುವ ಮಾತು ಬಾಯಿಂದ ಕಿವಿಗೆ ಹೋಗುತ್ತದೆ, ಎಲ್ಲೂ ಕೂಡುವುದಿಲ್ಲ. ನಮ್ಮ ಅವ್ವ ಆಡಿದ ಮಾತೊಂದು, ಅಕ್ಷರವಾಗಿ, ಬೆಳಕಾಗಿ, ನಾಲ್ಕು ಜನ ನೋಡುವ ಕಡೆ ಕೂತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅದನ್ನೂ ಸೋಮವಾರ ಎಬ್ಬಿಸಿ ಕಳಿಸಬೇಕಿತ್ತು, ತಪ್ಪು ನನ್ನದಾಗಿತ್ತು.

ಸಂಕಟವಾದಾಗ ನಾನು ನಾರಾಯಣಖೇಡದ ಬಸ್ಸು ಹತ್ತುತ್ತೇನೆ. ಅಲ್ಲಿ ನಮ್ಮಕ್ಕ ಮಹಾದೇವಿ ಇದ್ದಾಳೆ. ಎಪ್ಪತ್ತು ದಾಟಿದೆ, ಪೊರೆಯ ಆಪರೇಶನ್ ಆದಮೇಲೆ ಕಂಡದ್ದನ್ನೆಲ್ಲ ಓದುತ್ತಾಳೆ, ಔಷಧಿಯ ಚೀಟಿಯನ್ನೂ ಬಿಡುವುದಿಲ್ಲ. ಭಾನುವಾರ ಅವಳಿಗೆ ಕಥೆಯೆಲ್ಲ ಹೇಳದೆ, ಬರೀ ಆಟವನ್ನು ಕೈಗಿಟ್ಟೆ. ಮಗುವಿನ ಮೂಗು ಒರೆಸಿದಂತೆ ಹೆಬ್ಬೆರಳಿನಿಂದ ಪರದೆ ತಿಕ್ಕುತ್ತ, "ಜಿಗಿಯೇ ನಮ್ಮವ್ವ, ಜಿಗಿ," ಎಂದು ಗಂಗವ್ವನನ್ನು ರಮಿಸುತ್ತ ಆಡಿದಳು. ಒಂದು ರೊಟ್ಟಿ ನೀರು ಪಾಲಾಯಿತು. ಇನ್ನೊಂದು ಓತಿಕ್ಯಾತನಿಗೆ. ಮೂರನೆಯದು ಎಮ್ಮೆಗೆ. ಪರದೆಯ ಮೇಲೆ 'ಜೀವ ಹೆಚ್ಚಾಗ್ಯಾವ' ಬಂತು. ಅಕ್ಕ ಒಂದೊಂದೇ ಅಕ್ಷರ ಓದಿದಳು. ಫೋನನ್ನು ನನ್ನ ಕೈಗೆ ಕೊಟ್ಟು, ಮೊಣಕಾಲು ಹಿಡಿದು ಎದ್ದು ಒಳಗೆ ಹೊರಟಳು.

"ಎಲ್ಲಿಗಿ ಹೊಂಟಿ?"

"ಆ ಬುತ್ತಿಯಾಕಿ ಹೆಚ್ಚಾಗ್ಯಾವ ಅಂತಂದಳಲ್ಲ, ರೊಟ್ಟಿ ತರ್ತೀನಿ."

ಅಕ್ಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತಂದು ಮುಂದಿಟ್ಟಳು. "ಆಕಿಗಿ ಕೊಡಾಕ ಬರಂಗಿಲ್ಲ. ನೀನೇ ತಿನ್ನು," ಎಂದಳು.

ಅರವತ್ತೆರಡು ವರ್ಷ ಆಡಿದ ಮಾತು ಆಗ ಅರ್ಥವಾಯಿತು. ಅವ್ವ 'ಅಕ್ಕಿ ಹೆಚ್ಚಾಗ್ಯಾವ' ಎಂದಾಗ ಯಾರೂ "ಹೌದೇನು" ಎಂದು ಕೂತಿರುತ್ತಿರಲಿಲ್ಲ. ಒಬ್ಬರು ಚೀಲ ಹುಡುಕುತ್ತಿದ್ದರು, ಒಬ್ಬರು ಚಪ್ಪಲಿ ಮೆಟ್ಟುತ್ತಿದ್ದರು. ಅದು ಡಬ್ಬಿಯ ಲೆಕ್ಕವಲ್ಲ, ಮನೆಯವರಿಗೆ ಕೊಟ್ಟ ಕೂಗು. ಯಾರಾದರೂ ಎದ್ದು ತಂದು ತುಂಬಿದಾಗ ಆ ಮಾತು ನಿಜವಾಗುತ್ತಿತ್ತು. ಮೈಸೂರಿನ ಮಹಾಶಯರು ಕೇಳಿದ್ದು ಸರಿಯಾಗಿಯೇ ಇತ್ತು: ಹೆಚ್ಚಾಗಿವೆ ಅಂದಮೇಲೆ ಹೆಚ್ಚಾಗಬೇಕು. ನಾವು ಅಂದು, ಸುಮ್ಮನೆ ಕೂತಿದ್ದೆವು.

ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಶ್ರೀದೇವಿಗೆ ಫೋನು ಮಾಡಿದೆ. ಅರ್ಧ ಮಾತು ಹಿಂಡಿಯಲ್ಲಿ ಸಿಕ್ಕಿಕೊಂಡಿರಬೇಕು. ಆದರೂ ಕೇಳಿದಳು. "ತಡೀರತ್ತಿ," ಎಂದು ಫೋನಿಟ್ಟಳು.

ಸೋಮವಾರ ಹೊಸದು ಬಂತು. ಮೂರು ರೊಟ್ಟಿಯೂ ಹೋದಮೇಲೆ 'ಜೀವ ಹೆಚ್ಚಾಗ್ಯಾವ' ಎಂದು ಬರುತ್ತದೆ. ಕೂಡಲೇ ಫರ್ಸಿಯ ಗೋಡೆಯಲ್ಲೊಂದು ಬಾಗಿಲು ತೆರೆದು, ಹನ್ನೆರಡು ಚೌಕದ ಮುದುಕಿಯೊಬ್ಬಳು ಮೊಣಕಾಲು ಹಿಡಿದುಕೊಂಡು ಹೊರಬಂದು, ಗಂಗವ್ವನ ಬುತ್ತಿಗೆ ಒಂದು ರೊಟ್ಟಿ ಹಾಕಿ ಒಳಗೆ ಹೋಗುತ್ತಾಳೆ. ಒಂದು ಆಟಕ್ಕೆ ಒಂದೇ ಸಲ. ಅದೂ ಕನ್ನಡದಲ್ಲಿ ಆಡಿದವರಿಗೆ ಮಾತ್ರ. ಉಳಿದವರಿಗೆ ಯಾಕಿಲ್ಲವೆಂದರೆ, "ಅವರ ಮಾತಿನ್ಯಾಗ ಮುಗೀತು ಅಂತ ಖರೇ ಹೇಳೀವಿ. ಖರೇ ಹೇಳಿದ ಮ್ಯಾಲೆ ರೊಟ್ಟಿ ಯಾಕ?" ಎಂಬುದು ಶ್ರೀದೇವಿಯ ನ್ಯಾಯ.

ಈ ಗುಟ್ಟು ಹೇಗೋ ಹಬ್ಬಿತು. ಕನ್ನಡದ ಒಂದಕ್ಷರ ಬಾರದವರೂ ಒಂದು ರೊಟ್ಟಿಯ ಆಸೆಗೆ ಕನ್ನಡ ಒತ್ತತೊಡಗಿದರು. ತಾಂಡೂರಿನ ಕಾಲೇಜು ಹುಡುಗಿಯರು ಬಸ್‌ಸ್ಟಾಂಡಿನಲ್ಲಿ, "ಹೆಚ್ಚಾಗ್ಯಾವ್ ಹೆಚ್ಚಾಗ್ಯಾವ್," ಎಂದು ಕಿರುಚುವುದನ್ನು ಶ್ರೀದೇವಿ ಕಿವಿಯಾರೆ ಕೇಳಿದಳು. ಆಮೇಲೆ ಒಬ್ಬ ತೆಲುಗು ತಾಯಿ ಖಡಕ್ಕಾಗಿ ಬರೆದರು: ಅಕ್ಕಿ ಮುಗಿದರೆ ನಾವೂ 'ನಿಂಡುಕುನ್ನಾಯಿ', ಅಂದರೆ ತುಂಬಿಕೊಂಡಿವೆ ಅನ್ನುತ್ತೇವೆ, ನಮ್ಮ ರೊಟ್ಟಿ ಎಲ್ಲಿ? ಮೂವತ್ತು ವರ್ಷ ಸ್ಟಾಫ್ ರೂಮಿನಲ್ಲಿ ಕೇಳಿದ್ದ ಮಾತು, ನನಗೆ ಹೊಳೆದೇ ಇರಲಿಲ್ಲ. ತೆಲುಗಿನವರಿಗೂ ಬಾಗಿಲು ತೆರೆಯಿತು. ಇಂಗ್ಲಿಷಿನವರು ಮಾತ್ರ ಇನ್ನೂ ಹೊರಗಿದ್ದಾರೆ. ಅವರ ಅಜ್ಜಿಯಂದಿರು ಇಂಥದ್ದೇನಾದರೂ ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನ ಮಹಾಶಯರು ಒಂದು ನಕ್ಷತ್ರವನ್ನು ನಾಲ್ಕು ಮಾಡಿದರು. "ನಮ್ಮಜ್ಜಿಯೂ ಹೀಗೇ ಅನ್ನುತ್ತಿದ್ದರು, ಮರೆತೇಹೋಗಿತ್ತು," ಎಂದು ಬರೆದಿದ್ದಾರೆ. ಐದನೆಯದನ್ನು ಎಮ್ಮೆಯ ಲೆಕ್ಕಕ್ಕೆ ಹಿಡಿದಿಟ್ಟಿದ್ದಾರಂತೆ. ಅದರಲ್ಲಿ ನಾನು ಅವರ ಪಕ್ಷ.

ಇದನ್ನು ಬರೆಯುತ್ತಿರುವಾಗಲೇ ಗೊರಕೆ ನಿಂತಿದೆ. ಅಡುಗೆಮನೆಯಿಂದ ನಮ್ಮ ಮನೆಯವರು, "ಚಹಾಪುಡಿ ಹೆಚ್ಚಾಗ್ಯಾದ ನೋಡು," ಎನ್ನುತ್ತಿದ್ದಾರೆ. ಸುಮ್ಮನೆ ಕೂರುವ ಹಾಗಿಲ್ಲ, ಚಪ್ಪಲಿ ಮೆಟ್ಟಬೇಕು. ನನ್ನ ಮಾತೂ ಹೆಚ್ಚಾದವು. ಇದನ್ನು ನೀವು ಯಾವ ಊರಿನ ಕನ್ನಡದಲ್ಲಿ ಓದಿಕೊಂಡರೂ ನಿಜವೇ.